ಹಾವಿನ ಕಪಾಟಿನಲ್ಲಿ ಇಡ್ಲಿ ಹಿಟ್ಟು

ಇದನ್ನು ಹೇಳಬೇಕೆಂದು ಹೊರಟು ಹೇಳದೆ ಬಿಟ್ಟದ್ದು ಎಷ್ಟು ಸಲವೋ ಲೆಕ್ಕವಿಲ್ಲ. ಮೊದಲು ಗಣಪತಿ ಹಬ್ಬ ಕಳೆಯಲಿ ಎಂದೆ. ಆಮೇಲೆ ಕಣ್ಣಿನ ಪೊರೆಯ ಆಪರೇಷನ್ ಆಗಲಿ ಎಂದೆ. ಅದೂ ಆಯಿತು, ಒಂದು ಕಣ್ಣಿಗೆ ಲೋಕವೆಲ್ಲ ಫಳಫಳ ಕಾಣತೊಡಗಿತು. ಒಂದೇ ಕಣ್ಣಿನಲ್ಲಿ ನೋಡಿ ಬರೆದರೆ ಒಂದೇ ಕಡೆಯ ಮಾತಾದೀತು, ಎರಡನೆಯದೂ ಆಗಲಿ ಎಂದೆ. ಈಗ ಎರಡೂ ಆಗಿವೆ. ನೆಪಗಳು ಮುಗಿದಿವೆ. ನಿನ್ನೆ ಮೇಜಿನ ಡ್ರಾವರಿನಲ್ಲಿ ಕಣ್ಣಿಗೆ ಹಾಕುವ ಔಷಧಿ ಹುಡುಕುತ್ತಿದ್ದಾಗ ಬೆರಳಿಗೆ ಒಂದು ಪುಟ್ಟ ಕಬ್ಬಿಣದ ಸರಳು ಸಿಕ್ಕಿತು. ಎಲ್ ಅಕ್ಷರದ ಹಾಗೆ ಬಗ್ಗಿದ್ದು, ಸ್ಕ್ರೂ ತಿರುಗಿಸುವಂಥದ್ದು. ನಮ್ಮ ಮನೆಯ ಹಾವಿನ ಕಪಾಟನ್ನು ಜೋಡಿಸಿದ ಮೇಲೆ ಉಳಿದದ್ದು. ಅದರ ಜೊತೆ ನಾಲ್ಕು ಸ್ಕ್ರೂಗಳೂ ಉಳಿದಿದ್ದವು. ಅವು ಎಲ್ಲಿ ಸೇರಬೇಕಿತ್ತೆಂಬುದು ಇವತ್ತಿಗೂ ಗೊತ್ತಿಲ್ಲ. ಕಪಾಟು ಮಾತ್ರ ಗಟ್ಟಿಯಾಗಿ ನಿಂತಿದೆ.

ಹಾವಿನ ಕಪಾಟು ಎಂದರೇನು ಎಂದು ನೀವು ಕೇಳುತ್ತೀರಿ. ನಮ್ಮ ಡೊಂಬಿವಲಿಯ ಹೌಸಿಂಗ್ ಸೊಸೈಟಿಯ ಸೆಕ್ರೆಟರಿಯೂ ಕೇಳಿದ್ದರು, ಬರವಣಿಗೆಯಲ್ಲಿ.

ಬೇರೆ ಮನೆಗಳಿಗೆ ಸೊಸೆಯರು ಬರುವಾಗ ಮಿಕ್ಸರ್ ತರುತ್ತಾರೆ, ಸೀರೆ ತರುತ್ತಾರೆ. ನಮ್ಮ ಸೊಸೆ ಕೇತಕಿ ನಾಲ್ಕು ಹಾವು ತಂದಳು. ಕಲ್ಯಾಣದ ಮರಾಠಿ ಹುಡುಗಿ ಅವಳು, ಬೇಲಾಪುರದ ಒಂದು ಕಚೇರಿಯಲ್ಲಿ ಕೆಲಸ. ದಿನಾ ಬೆಳಿಗ್ಗೆ ಡೊಂಬಿವಲಿಯಲ್ಲಿ ಲೋಕಲ್ ಹತ್ತಿ, ಠಾಣೆಯಲ್ಲಿ ಇಳಿದು ಇನ್ನೊಂದು ಗಾಡಿ ಹಿಡಿಯುವವಳು. ಆ ಹೊತ್ತಿನ ಡೊಂಬಿವಲಿ ಲೋಕಲ್‌ನಲ್ಲಿ ದಿನಾ ಹತ್ತಿ ಇಳಿದು ಬದುಕಿರುವವಳಿಗೆ ಹಾವಿನ ಹೆದರಿಕೆ ಎಲ್ಲಿಂದ ಬರಬೇಕು? ಅವು ನಮ್ಮ ದೇಶದ ಹಾವುಗಳಲ್ಲ. ನಮ್ಮವನ್ನು ಮನೆಯಲ್ಲಿ ಸಾಕುವುದು ಅಪರಾಧ. ಇವು ಪರದೇಶದ ತಳಿಯವು, ವಿಷವಿಲ್ಲದವು, ಒಂದೊಂದಕ್ಕೂ ಸರಕಾರದ ಕಾಗದ ಇತ್ತು. ನನ್ನ ಆಧಾರ್ ಕಾರ್ಡಿನಲ್ಲಿ ಅಪ್ಪನ ಹೆಸರು ತಪ್ಪಿದೆ, ರೇಶನ್ ಕಾರ್ಡಿನಲ್ಲಿ ನನ್ನ ವಯಸ್ಸೇ ತಪ್ಪಿದೆ. ಹಾವುಗಳ ಕಾಗದದಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಮೂರು ಸಪೂರವಾದ ಕೆಂಪು ಹಾವುಗಳು. ನಾಲ್ಕನೆಯದು ದಪ್ಪನೆಯ ಗಿಡ್ಡ ಹೆಬ್ಬಾವು. ಅದು ಹೆದರಿದರೆ ಕಚ್ಚುವುದಿಲ್ಲ, ತಲೆಯನ್ನು ಒಳಗೆ ಸೇರಿಸಿಕೊಂಡು ಉಂಡೆಯಾಗಿಬಿಡುತ್ತದೆ. ಅದಕ್ಕೇ ಅದರ ಹೆಸರು ಲಾಡು.

ನಾವು ಕುಂದಾಪುರ ಕಡೆಯವರು. ನಮ್ಮಲ್ಲಿ ಮನೆಗೊಂದು ನಾಗಬನ. ಅಲ್ಲಿ ಬಿದ್ದ ಒಣಗಿದ ಎಲೆಯನ್ನು ತೆಗೆಯುವುದಕ್ಕೂ ಸ್ನಾನ ಮಾಡಿ ಬರಬೇಕು. ಅಂಥ ಕಡೆಯಿಂದ ಬಂದ ನನ್ನ ಹೆಂಡತಿ, ಕರೆಂಟಿನ ಬಿಸಿ ಪ್ಯಾಡಿನ ಮೇಲಿಟ್ಟ ಪ್ಲಾಸ್ಟಿಕ್ ಡಬ್ಬಿಯೊಳಗೆ ಸುತ್ತಿಕೊಂಡ ಹಾವನ್ನು ನೋಡಿ ಬಾಗಿಲಲ್ಲೇ ಕೈಮುಗಿದು ನಿಂತಳು. ಆಮೇಲೆ ನನ್ನ ಕಡೆ ತಿರುಗಿದಳು.

“ಹ್ವಾಯ್, ನಾಗನ್ನ ಡಬ್ಬಿಗೆ ಹಾಕಿ ಮುಚ್ಚಳ ಹಾಕುದಾ? ಒಂದಿನ ನಾನೇ ಇದ್ರ ಸ್ವಿಚ್ಚು ತೆಗ್ದ್ ಬಿಡ್ತೆ, ಕಾಣಿ!”

ಇದನ್ನು ಅವಳು ಜೋರಾಗಿಯೇ ಹೇಳಿದಳು. ಕೇತಕಿಗೆ ನಮ್ಮ ಕನ್ನಡ ಅರ್ಧ ಅರ್ಥವಾಗುತ್ತದೆ. ಅರ್ಥವಾಗಬಾರದ ಅರ್ಧವೇ ಅವಳಿಗೆ ಯಾವಾಗಲೂ ಅರ್ಥವಾಗುವುದು.

ಅಷ್ಟಕ್ಕೆ ಬಿಡದೆ ಊರಿನ ಭಟ್ಟರಿಗೆ ಫೋನ್ ಮಾಡಿಸಿದಳು. ಭಟ್ಟರು ಸಾವಧಾನವಾಗಿ ವಿಚಾರಣೆ ನಡೆಸಿದರು.

“ಹೆಡೆ ಇತ್ತಾ?”

“ಇಲ್ಲೆ,” ಎಂದಳು ಇವಳು.

“ಎಲ್ಲಿಂದ ಬಂದದ್ದಂಬ್ರ್?”

“ಇದ್ರ ಮೂಲ ಆಫ್ರಿಕಾ ಅಂತ್ರ್.”

“ಹಾಂಗಾರೆ ನಮ್ಮ ಲೆಕ್ಕಕ್ಕೆ ಬಪ್ಪುದಲ್ಲ ಅದ್. ಆದ್ರೂ ಮುಟ್ಟಿದ್ ಮೇಲೆ ಕೈ ತೊಳ್ಕಣಿ.”

ಭಟ್ಟರ ಅಪ್ಪಣೆಯಾದ ಮೇಲೆ ಅವಳ ಮನಸ್ಸು ಮೆಲ್ಲನೆ ತಿರುಗಿತು. ಎರಡು ತಿಂಗಳಲ್ಲಿ ನಾನೊಂದು ವಿಚಿತ್ರ ಕಂಡೆ. ಮಧ್ಯಾಹ್ನ ಊಟವಾದ ಮೇಲೆ ಇವಳು ಬೆತ್ತದ ಸ್ಟೂಲು ಹಾಕಿಕೊಂಡು ಲಾಡುವಿನ ಡಬ್ಬಿಯ ಮುಂದೆ ಕೂತು ಮಾತಾಡುತ್ತಿದ್ದಳು. ಊರಿನ ಸುದ್ದಿ, ಗಂಟಿನ ನೋವು, ಭಜನಾ ಮಂಡಳಿಯಲ್ಲಿ ಯಾರು ಯಾರನ್ನು ಬಿಟ್ಟು ಹಾಡಿದರು ಎಂಬ ತಕರಾರು. ಅದು ನಾಲಗೆ ಒಂದು ಸಲ ಹೊರಗೆ ಹಾಕಿ ಒಳಗೆ ಎಳೆದುಕೊಳ್ಳುತ್ತಿತ್ತು. ನಾನು ನಕ್ಕೆ.

“ನಗುದೆಂತಕೆ?” ಎಂದಳು. “ಸಂದೀಪನತ್ರ ಕನ್ನಡದಲ್ಲಿ ಮಾತಾಡಿರೆ ಹಿಂದಿಯಲ್ಲಿ ಉತ್ತರ ಕೊಡ್ತ. ಇದ್ ಹಿಂದಿಯಲ್ಲಂತೂ ಕೊಡುದಿಲ್ಲ ಅಲ್ದಾ?”

ಸಂದೀಪ ನಮ್ಮ ಮಗ. ಅವಳ ಮಾತು ನಿಜವೇ.

ಮಳೆ ಮುಗಿದು ಚಳಿ ಶುರುವಾಗುವ ಹೊತ್ತಿಗೆ, ಹಾವಿಗೊಂದು ಡಬ್ಬಿ, ಡಬ್ಬಿಗೊಂದು ಬಿಸಿ ಪ್ಯಾಡು, ಪ್ಯಾಡಿಗೊಂದು ವೈರು ಎಂದು ಆ ಕೋಣೆಯ ನೆಲ ರೈಲ್ವೆ ಯಾರ್ಡಿನ ಹಾಗಾಯಿತು. ಕೇತಕಿ ಒಂದು ಕಪಾಟು ಮಾಡಿಸೋಣ ಎಂದಳು. ಹಲಗೆಯ ಚೌಕಟ್ಟು, ಅದರಲ್ಲಿ ಡ್ರಾವರಿನ ಹಾಗೆ ಒಳಗೆ ಜಾರುವ ಡಬ್ಬಿಗಳು, ಪ್ರತಿ ಅಂತಸ್ತಿನ ಹಿಂಭಾಗದಲ್ಲಿ ಬಿಸಿಯಾಗುವ ಪಟ್ಟಿ. ಡಬ್ಬಿಯ ಒಂದು ತುದಿ ಬೆಚ್ಚಗೆ, ಇನ್ನೊಂದು ತುದಿ ತಣ್ಣಗೆ. ಹಾವು ತನಗೆ ಬೇಕಾದ ಕಡೆ ಸರಿದು ಮಲಗುತ್ತದೆ. ಚಿತ್ರ ನೋಡಿದವನೇ ನಾನು, “ಇದು ನನಗೆ ಬಿಡು. ಇದರಲ್ಲೇ ನನ್ನ ಆಯುಷ್ಯ ಹೋಗಿದೆ” ಎಂದೆ.

ಸುಳ್ಳಲ್ಲ. ಎಸ್‌ಎಸ್‌ಎಲ್‌ಸಿ ಮುಗಿಸಿ ಊರು ಬಿಟ್ಟವನು ಠಾಣೆಯಲ್ಲಿ ರಸ್ತೆಗಳು ಕೂಡುವ ನಾಕಾದ ಬಳಿಯ ಒಂದು ಉಡುಪಿ ಹೋಟೆಲಿಗೆ ಸೇರಿದೆ. ಮೇಜು ಒರೆಸುವುದರಿಂದ ಶುರುಮಾಡಿ ಮ್ಯಾನೇಜರ್ ಆಗಿ ಹೊರಬಿದ್ದೆ. ಅಲ್ಲಿನ ಅಡುಗೆಮನೆಯಲ್ಲಿ ಇಡ್ಲಿಯ ದೊಡ್ಡ ಪೆಟ್ಟಿಗೆ ಇತ್ತು. ಬಾಗಿಲು ತೆಗೆದರೆ ಒಂದರ ಮೇಲೊಂದು ತಟ್ಟೆ ಒಳಗೆ ಜಾರುತ್ತವೆ, ಕೆಳಗಿಂದ ಬಿಸಿ. ಸೊಸೆಯ ಚಿತ್ರದಲ್ಲಿದ್ದದ್ದೂ ಅದೇ. ಇಡ್ಲಿಯ ಜಾಗದಲ್ಲಿ ಹಾವು, ಅಷ್ಟೇ ವ್ಯತ್ಯಾಸ.

ಆ ಉತ್ಸಾಹದಲ್ಲಿ ಡಬ್ಬಿ ಕೊಳ್ಳುವ ಮೊದಲೇ ಬಡಗಿಯಿಂದ ಹಲಗೆ ಕೊಯ್ಯಿಸಿದೆ. ಹೋಟೆಲಿನಲ್ಲಿ ಮೊದಲು ಪೆಟ್ಟಿಗೆ, ಆಮೇಲೆ ಅದಕ್ಕೆ ತಕ್ಕ ತಟ್ಟೆ. ಹಾವಿಗೆ ಉಲ್ಟಾ ಎಂದು ನನಗೇನು ಗೊತ್ತು? ಈ ಡಬ್ಬಿಗಳಿಗೆ ಮುಚ್ಚಳವಿಲ್ಲ, ಮೇಲಿನ ಹಲಗೆಯೇ ಮುಚ್ಚಳ. ಡಬ್ಬಿಯ ಬಾಯಿಗೂ ಹಲಗೆಗೂ ನಡುವೆ ಒಂದು ನಾಣ್ಯ ತೂರುವಷ್ಟು ಸಂದು ಇರಬೇಕು. ಕಡಿಮೆಯಾದರೆ ಡಬ್ಬಿ ಜಾರುವುದಿಲ್ಲ, ಹೆಚ್ಚಾದರೆ ಹಾವು ಜಾರುತ್ತದೆ. ಕಲ್ಯಾಣದ ಪ್ಲಾಸ್ಟಿಕ್ ಅಂಗಡಿಯಿಂದ ತಂದ ಡಬ್ಬಿಗಳು ನನ್ನ ಕಪಾಟಿನೊಳಗೆ ಹೋಗಲೇ ಇಲ್ಲ. ಒಂದು ಹೋಯಿತು, ಆದರೆ ಹೊರಗೆ ಬರಲಿಲ್ಲ. ಅದನ್ನು ಎಳೆಯಲು ಸಂದೀಪ ಕಾಲು ಗೋಡೆಗೆ ಕೊಟ್ಟು ನಿಂತದ್ದು, ಡಬ್ಬಿ ಹಠಾತ್ತನೆ ಬಿಟ್ಟುಕೊಂಡು ಅವನು ನನ್ನ ಮೇಲೂ ನಾನು ಬಡಗಿಯ ಮೇಲೂ ಬಿದ್ದದ್ದು, ಅದನ್ನೆಲ್ಲ ಕೇತಕಿ ಮೊಬೈಲಿನಲ್ಲಿ ಹಿಡಿದದ್ದು ಇನ್ನೊಂದು ಕಥೆ. ಹಲಗೆಗಳಿಗೆ ತೆಳು ಪಟ್ಟಿ ಕೊಟ್ಟು ಎತ್ತರಿಸಿದೆವು. ಎರಡು ಭಾನುವಾರ ಹಿಡಿಯಿತು.

ಕೊನೆಗೆ ಬಿಸಿ. ಹಲಗೆಯಲ್ಲಿ ತೋಡು ಕೊರೆದು ಪಟ್ಟಿ ಕೂರಿಸಿ, ಎಲ್ಲವನ್ನೂ ಒಂದು ಥರ್ಮೋಸ್ಟಾಟಿಗೆ ಜೋಡಿಸಿದೆವು. ಅದರಿಂದ ಒಂದು ತೆಳು ವೈರು ಹೊರಟು ತುದಿಯಲ್ಲಿ ಕರಿಮೆಣಸಿನ ಕಾಳಿನಷ್ಟು ಮಣಿ. ಆ ಮಣಿಯನ್ನು ಪಟ್ಟಿಗೆ ಅಂಟಿಸಿಟ್ಟಿದ್ದೆವು. ಮಣಿಗೆ ಎಷ್ಟು ಬಿಸಿ ತಾಗುತ್ತದೋ ಅದೇ ಇಡೀ ಕಪಾಟಿನ ಬಿಸಿ ಎಂದು ಯಂತ್ರ ನಂಬುತ್ತದೆ. ಮೂವತ್ತೆರಡಾದರೆ ಕರೆಂಟ್ ನಿಲ್ಲಿಸುತ್ತದೆ, ಇಳಿದರೆ ಮತ್ತೆ ಬಿಡುತ್ತದೆ. ಕೇತಕಿ ಮಣಿಯನ್ನು ತೋರಿಸಿ, “ಬಾಬಾ, ಯಾಲಾ ಹಾತ್ ಲಾವಾಯಚಾ ನಾಹೀ” ಎಂದಳು. ಇದನ್ನು ಮುಟ್ಟಬಾರದು. ನಾನು ದೊಡ್ಡದಾಗಿ ತಲೆಯಾಡಿಸಿದೆ.

ಐದು ಅಂತಸ್ತು ಮಾಡಿದ್ದೆವು. ಹಾವು ನಾಲ್ಕು. ಐದನೆಯ ಡಬ್ಬಿ ಖಾಲಿ, ಆದರೆ ಬೆಚ್ಚಗೆ.

ಈಗ ಇಡ್ಲಿಗೆ ಬರಬೇಕು. ಡೊಂಬಿವಲಿಯ ಚಳಿ ಅಂದರೆ ಫ್ಯಾನ್ ಐದರಿಂದ ಮೂರಕ್ಕೆ ಬರುವಷ್ಟು, ಬೇರೇನಿಲ್ಲ. ಆದರೆ ಇಡ್ಲಿ ಹಿಟ್ಟಿಗೆ ಅಷ್ಟೇ ನೆಪ ಸಾಕು, ಉಬ್ಬುವುದಿಲ್ಲ. ನಾನು ಸಣ್ಣವನಿದ್ದಾಗ ನಮ್ಮ ಅಜ್ಜಿ ಹಿಟ್ಟಿನ ಪಾತ್ರೆಯನ್ನು ತನ್ನ ಹಳೆಯ ಸೀರೆಯಲ್ಲಿ ಸುತ್ತಿ ಬಚ್ಚಲೊಲೆಯ ಬೂದಿಯ ಪಕ್ಕ ಮಲಗಿಸುತ್ತಿದ್ದಳು. ಆ ಹೊತ್ತು ನಾವು ಗಲಾಟೆ ಮಾಡಿದರೆ ಹಿಟ್ಟು ಸಿಟ್ಟು ಮಾಡಿಕೊಳ್ಳುತ್ತದೆಂದು ಗದರುತ್ತಿದ್ದಳು. ನಾನು ಒಮ್ಮೆ ಕುತೂಹಲಕ್ಕೆ ಸೀರೆ ಬಿಚ್ಚಿ ಬೆರಳದ್ದಿ ಪಾತ್ರೆ ಉರುಳಿಸಿದೆ. ಯಾರು ಮಾಡಿದ್ದು ಎಂದಾಗ ಬೆಕ್ಕು ಎಂದೆ. ಅಜ್ಜಿ ಬೆಕ್ಕನ್ನು ಗೋಣಿಯಲ್ಲಿ ಹಾಕಿ ಹೊಳೆಯಾಚೆ ಬಿಡಿಸಿದಳು. ಮೂರನೆಯ ದಿನ ಅದು ತಿರುಗಿ ಬಂದು ನನ್ನ ಮಡಿಲಲ್ಲೇ ಮಲಗಿತು. ಬೆಕ್ಕುಗಳು ದೊಡ್ಡ ಮನಸ್ಸಿನವು. ಅದರಿಂದ ನಾನು ಕಲಿತದ್ದು ಮಾತ್ರ ಕೆಟ್ಟ ಪಾಠ.

ಒಂದು ದಿನ ಹೆಂಡತಿ ಬೆಳಿಗ್ಗೆ ಹಿಟ್ಟು ರುಬ್ಬಿ ಗ್ಯಾಸಿನ ಪಕ್ಕ ಇಟ್ಟು ಇಡೀ ದಿನದ ಭಜನೆಗೆ ಹೋದಳು. ಮನೆಯಲ್ಲಿ ನಾನೊಬ್ಬನೇ. ಖಾಲಿ ಡಬ್ಬಿಯ ನೆನಪಾಯಿತು. ಪಾತ್ರೆಯನ್ನು ಎತ್ತಿಕೊಂಡು ಹೋಗಿ ಐದನೆಯ ಅಂತಸ್ತಿಗೆ ಜಾರಿಸಿದೆ. ಐದು ಗಂಟೆಗೆ ನೋಡಿದರೆ ಹಿಟ್ಟು ಮಲ್ಲಿಗೆಯಂತೆ ಉಬ್ಬಿತ್ತು. ಅವಳು ಬರುವುದರೊಳಗೆ ಪಾತ್ರೆಯನ್ನು ಸ್ವಸ್ಥಾನಕ್ಕೆ ತಂದಿಟ್ಟೆ. ಅವಳು ಮುಚ್ಚಳ ತೆಗೆದು ಹಿಗ್ಗಿದಳು. “ಈ ಸರ್ತಿ ತಂದ ಉದ್ದ್ ಭಾರಿ ಒಳ್ಳೇದ್, ಕಾಣಿ.” ನಾನು ಹೂಂಗುಟ್ಟಿದೆ. ಹಾವಿನ ಕೋಣೆಯಲ್ಲಿ ಉಬ್ಬಿದ್ದೆಂದು ಹೇಳಿದ್ದರೆ ಅವಳು ಪಾತ್ರೆಯ ಸಮೇತ ನನ್ನನ್ನೂ ಹೊರಗೆ ಹಾಕುತ್ತಿದ್ದಳು. ಮರುದಿನ ಎದುರು ಮನೆಯ ಮರಾಠಿ ಅಜ್ಜಿಗೂ ಇಡ್ಲಿ ಹೋಯಿತು, ಹಾವು ಸಾಕಬಾರದೆಂದು ಪತ್ರ ಬರೆದಿದ್ದ ಸೆಕ್ರೆಟರಿಗೂ ಹೋಯಿತು. ಸೆಕ್ರೆಟರಿ ಎರಡನೆಯ ಸಲ ಕೇಳಿ ತರಿಸಿಕೊಂಡರು. ಲಿಫ್ಟಿನಲ್ಲಿ ಅವರನ್ನು ಕಂಡಾಗಲೆಲ್ಲ ನನಗೆ ನಗು ಒತ್ತರಿಸಿ ಬರುತ್ತಿತ್ತು.

ಎರಡು ಸಲ ಹೀಗೆ ಗೆದ್ದೆ. ಮೂರನೆಯ ಸಲ ಸುಧಾರಣೆ ಮಾಡಹೊರಟೆ. ಅವತ್ತು ಪಾತ್ರೆ ದೊಡ್ಡದು, ಹಿಟ್ಟು ತಣ್ಣಗಿತ್ತು. ಯಂತ್ರಕ್ಕೆ ಹಿಟ್ಟಿನ ಬಿಸಿಯೇ ಗೊತ್ತಾಗುವಂತೆ ಮಾಡಿದರೆ ಹೇಗೆ ಎನ್ನಿಸಿತು. ಮುಟ್ಟಬಾರದ ಮಣಿಯನ್ನು ಪಟ್ಟಿಯಿಂದ ಕಿತ್ತು ಒರೆಸಿ, ಹಿಟ್ಟಿನೊಳಗೆ ಅದ್ದಿಟ್ಟೆ. ಬುದ್ಧಿವಂತಿಕೆಗೆ ನಾನೇ ಮೆಚ್ಚಿಕೊಂಡು ಹೊರಗೆ ಬಂದು ಪೇಪರ್ ಹಿಡಿದು ಕೂತೆ. ಮೂರನೆಯ ಪುಟಕ್ಕೆ ನಿದ್ದೆ. ಎದ್ದವನು ಚಹಾ ಮಾಡಿಕೊಂಡೆ, ಕೆಳಗೆ ಹೋಗಿ ಗೆಳೆಯರ ಜೊತೆ ಬೆಂಚಿನ ಮೇಲೆ ಕೂತೆ. ಹಿಟ್ಟಿನ ವಿಷಯ ನನಗೆ ಪೂರ್ತಿ ಮರೆತುಹೋಗಿತ್ತು. ಈ ವಾಕ್ಯವನ್ನು ದಯವಿಟ್ಟು ಇನ್ನೊಮ್ಮೆ ಓದಿ. ಮರೆತದ್ದು ನನಗೆ.

ಏಳು ಗಂಟೆಗೆ ಭಜನೆಯಿಂದ ಬಂದ ಅತ್ತೆ, ಬೇಲಾಪುರದಿಂದ ಬಂದ ಸೊಸೆ ಗೇಟಿನಲ್ಲಿ ಸೇರಿ ಒಟ್ಟಿಗೆ ಮೇಲೆ ಹೋದರು, ಅವರ ಹಿಂದೆ ನಾನು. ಕೇತಕಿ ಕಿರುಚಿದ್ದು ಕೇಳಿ ಆ ಕೋಣೆಗೆ ಓಡಿದೆ. ಆ ದೊಡ್ಡ ಪಾತ್ರೆಯ ತಣ್ಣನೆ ಹಿಟ್ಟು ಬೆಚ್ಚಗಾಗಲಿ ಎಂದು ಯಂತ್ರ ಗಂಟೆಗಟ್ಟಲೆ ಎಲ್ಲ ಪಟ್ಟಿಗಳಿಗೂ ಕರೆಂಟ್ ಬಿಟ್ಟೇ ಬಿಟ್ಟಿತ್ತು. ಕಪಾಟು ತಂದೂರ್ ಒಲೆಯಾಗಿತ್ತು. ಹಿಟ್ಟು ಉಬ್ಬಿ, ಪಾತ್ರೆ ಮೀರಿ, ಡಬ್ಬಿ ಮೀರಿ, ಹಲಗೆಯ ಮೇಲೆ ಇಳಿದು ಅಲ್ಲಲ್ಲಿ ದೋಸೆಯಾಗಿತ್ತು. ಕೆಂಪು ಹಾವುಗಳು ತಣ್ಣನೆಯ ತುದಿಗೆ ಒತ್ತಿಕೊಂಡಿದ್ದವು. ಐದನೆಯ ಡಬ್ಬಿಯ ಸರೀ ಕೆಳಗಿದ್ದ ಲಾಡು ನೀರಿನ ಬಟ್ಟಲನ್ನು ಉರುಳಿಸಿ, ಮೂಗನ್ನು ಆ ನಾಣ್ಯದಷ್ಟು ಸಂದಿಗೆ ಇಟ್ಟು, ಬಾಯಿ ತೆರೆದು ಬಿದ್ದಿತ್ತು.

ಕೇತಕಿ ಅದನ್ನು ದಿಂಬಿನ ಕವರಿಗೆ ಹಾಕಿಕೊಂಡು, ಸಿಕ್ಕಿದ ಲೋಕಲ್ ಹಿಡಿದು ಠಾಣೆಯ ಪಶುವೈದ್ಯರ ಬಳಿಗೆ ಓಡಿದಳು. ಲೇಡೀಸ್ ಡಬ್ಬಿಯಲ್ಲಿ ಒಬ್ಬಾಕೆ ಎದ್ದು ಸೀಟು ಕೊಟ್ಟಳಂತೆ. “ಬಾಳ ಝೋಪ್ಲಂಯ್ ಕಾ?” ಎಂದಳಂತೆ, ಮಗು ಮಲಗಿದೆಯಾ ಎಂದು. ಕೇತಕಿ ಅಳುತ್ತಲೇ ಹೌದೆಂದಳಂತೆ. ಲಾಡು ಬದುಕಿತು. ಇನ್ನರ್ಧ ಗಂಟೆ ಆಗಿದ್ದರೆ ಇಲ್ಲ ಎಂದರಂತೆ ಡಾಕ್ಟರು.

ಮರುದಿನ ಬೆಳಿಗ್ಗೆ ಉಪ್ಪಿಟ್ಟಿನ ಮುಂದೆ ನಾಲ್ವರೂ ಕೂತೆವು. ಕೇತಕಿಯ ಕಣ್ಣು ಊದಿತ್ತು. ಅವಳು ಅತ್ತೆಯನ್ನೇ ನೋಡುತ್ತಿದ್ದಳು. ಹಿಟ್ಟು ರುಬ್ಬುವವಳು ಮನೆಯಲ್ಲಿ ಒಬ್ಬಳೇ. ದಿನಾ ಮಧ್ಯಾಹ್ನ ಆ ಕೋಣೆಯಲ್ಲಿ ಕೂರುವವಳೂ ಅವಳೇ. ಸ್ವಿಚ್ಚು ತೆಗೆಯುತ್ತೇನೆಂದು ಹಿಂದೆ ಹೇಳಿದವಳೂ ಅವಳೇ.

“ಆಯಿ, ನೀವು ಬೇಕಂತ ಮಾಡಿದ್ದಾ?” ಎಂದಳು ಕೇತಕಿ, ತನ್ನ ಒಡೆದ ಕನ್ನಡದಲ್ಲಿ.

“ಅಯ್ಯೋ ಮಗಾ, ನಾ ಇಟ್ಟದ್ದಲ್ಲ! ನಾ ಗ್ಯಾಸಿನತ್ರ ಇಟ್ ಹೋದದ್ದ್.”

“ಅಮ್ಮಾ, ಪಾತ್ರೆ ಕ್ಯಾ ಚಲ್ ಕೇ ಗಯಾ?” ಎಂದ ಸಂದೀಪ, ಅದೇನು ನಡೆದುಕೊಂಡು ಹೋಯಿತಾ ಎಂದು.

ನಾನು ಬಾಯಿ ತೆರೆದೆ. ದೇವರಾಣೆಗೂ ನಿಜ ಹೇಳಲೆಂದೇ ತೆರೆದದ್ದು. ಆದರೆ ಕಪಾಟು ಕಟ್ಟಿದ ಮಹಾಶಿಲ್ಪಿ ನಾನು, ಮುಟ್ಟಬಾರದೆಂದ ಮಣಿಗೆ ತಲೆಯಾಡಿಸಿದವನು ನಾನು, ಇಡೀ ಬಿಲ್ಡಿಂಗಿಗೆ ಹಾವಿನ ಕೋಣೆಯ ಇಡ್ಲಿ ತಿನ್ನಿಸಿದವನು ನಾನು. ತೆರೆದ ಬಾಯಿಂದ ಬೇರೆ ಮಾತು ಬಂತು.

“ಬೇಕಂತ ಮಾಡಿದ್ದಲ್ಲ ಕಣಮ್ಮ. ಅವಳಿಗೆ ಈಚೆಗೆ ಸ್ವಲ್ಪ ಮರೆವು.”

ಕೊಲ್ಲಹೊರಟಳೆಂಬ ಆರೋಪದಿಂದ ಅವಳನ್ನು ಪಾರುಮಾಡಿದೆ ಎಂದೇ ಆ ಗಳಿಗೆಯಲ್ಲಿ ನನಗೆ ಅನ್ನಿಸಿತ್ತು. ಕೇತಕಿಯ ಮುಖದ ಸಿಟ್ಟು ಕರಗಿ ನೀರಾಯಿತು. ಎದ್ದು ಬಂದು ಅತ್ತೆಯನ್ನು ತಬ್ಬಿಕೊಂಡು ಅತ್ತಳು. ಅತ್ತೆ ಅವಳ ಹೆಗಲ ಮೇಲಿಂದ ನನ್ನನ್ನು ನೋಡಿದಳು. ನಾನು ಉಪ್ಪಿಟ್ಟಿನಲ್ಲಿ ಗೋಡಂಬಿ ಹುಡುಕುತ್ತಿದ್ದೆ.

ಆವತ್ತಿನಿಂದ ಮನೆಯಲ್ಲಿ ಪ್ರೀತಿಯೋ ಪ್ರೀತಿ. ರಾತ್ರಿ ನೆನೆಹಾಕಿದ ಬಾದಾಮಿ, ಬೆಳಿಗ್ಗೆ ಒಂದೆಲಗದ ಮಾತ್ರೆ. ಗ್ಯಾಸ್ ಹಚ್ಚುವಾಗ ಯಾರಾದರೂ ಪಕ್ಕದಲ್ಲಿ ನಿಲ್ಲಬೇಕು. ಹಾವಿನ ಕೋಣೆಗೆ ಬೀಗ, ಆಯಿಗೆ ಪಾಪ ತೊಂದರೆಯಾಗಬಾರದು ಎಂದು. “ನಂಗೆ ಎಂತ ಮರೆವು ಇಲ್ಲೆ, ನಾ ಇಟ್ಟದ್ದಲ್ಲ” ಎಂದು ಅವಳು ಹೇಳಿದಷ್ಟೂ ಮಗ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಟ್ಟದ್ದೇ ನೆನಪಿಲ್ಲವೆಂದರೆ ಕಾಯಿಲೆ ಮುಂದುವರಿದಿದೆ ಎಂದು ಅರ್ಥ. ಇಂಥ ಬಿಗಿಯಾದ ಬೋನನ್ನು ನಾಲ್ಕು ಹಾವಿಗೂ ನಾನು ಕಟ್ಟಿಕೊಟ್ಟಿರಲಿಲ್ಲ.

ಠಾಣೆಯಲ್ಲಿ ನರರೋಗದ ಡಾಕ್ಟರಿಗೆ ತೋರಿಸಿದೆವು. ಡಾಕ್ಟರು ಗಡಿಯಾರ ಬಿಡಿಸಲು ಹೇಳಿದರು. ಬಿಡಿಸಿದಳು, ಸೆಕೆಂಡಿನ ಮುಳ್ಳೂ ಸೇರಿಸಿ. ನೂರರಿಂದ ಏಳೇಳು ಕಳೆಯುತ್ತ ಬರಲು ಹೇಳಿದರು. ಪಕ್ಕದಲ್ಲಿ ಕೂತು ನಾನೂ ಮನಸ್ಸಿನಲ್ಲೇ ಕಳೆಯುತ್ತಿದ್ದೆ, ಎಂಬತ್ತಾರಕ್ಕೆ ಸಿಕ್ಕಿಬಿದ್ದೆ. ಅವಳು ಎರಡಕ್ಕೆ ಬಂದು ನಿಂತಿದ್ದಳು. ಸೇಬು, ಕುರ್ಚಿ, ನದಿ ಎಂದು ಮೂರು ಪದ ಹೇಳಿ ಸ್ವಲ್ಪ ಹೊತ್ತಿನ ಮೇಲೆ ಕೇಳಿದರು. ಮೂರನ್ನೂ ಹೇಳಿದಳು. ಅಷ್ಟರಲ್ಲಿ ಡಾಕ್ಟರು ಮೇಜಿನ ಮೇಲೆ ಏನನ್ನೋ ತಡಕಾಡುತ್ತಿದ್ದರು.

“ಆಪ್ ಕಾ ಪೆನ್ ಫೈಲ್ ಕೇ ನೀಚೇ ಹೈ,” ಎಂದಳು ನನ್ನ ಹೆಂಡತಿ, ಫೈಲಿನ ಅಡಿಗೆ ಬೆರಳು ತೋರಿಸಿ.

ಎಲ್ಲ ಸರಿಯಾಗಿದೆ, ಆದರೂ ವಯಸ್ಸು, ಮನೆಯವರ ಗಮನವಿರಲಿ ಎಂದರು ಡಾಕ್ಟರು. ನಮ್ಮವರಿಗೆ ಮೊದಲರ್ಧ ಕೇಳಿಸಲಿಲ್ಲ. ಕೇತಕಿ ಅವಳ ಪರ್ಸಿನೊಳಗೆ ಒಂದು ಚೀಟಿ ಇಟ್ಟಳು. ಇವರು ದಾರಿ ತಪ್ಪಿದ್ದರೆ ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ ಎಂದು, ಮರಾಠಿಯಲ್ಲಿ, ಮುದ್ದಾದ ಅಕ್ಷರದಲ್ಲಿ.

ಇಷ್ಟರವರೆಗೆ ನಾನು ಒಳಗೊಳಗೆ ನಗುತ್ತಲೂ ಇದ್ದೆ ಎಂಬುದನ್ನು ಒಪ್ಪಿಕೊಳ್ಳಬೇಕು. ನಗು ನಿಂತದ್ದು ಇನ್ನೂ ಸ್ವಲ್ಪ ದಿನಗಳ ಮೇಲೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ತಾರೀಖು ನೋಡಲು ಹೋದೆ. ಪ್ರತಿ ತಾರೀಖಿನ ಚೌಕದಲ್ಲೂ ಪೆನ್ಸಿಲಿನಲ್ಲಿ ಸಣ್ಣಗೆ ಬರೆದಿತ್ತು. ಹಾಲು ಕಾಯಿಸಿದೆ. ಗ್ಯಾಸ್ ಆರಿಸಿದೆ. ಬಾಗಿಲು ಹಾಕಿದೆ. ಒಂದೊಂದರ ಮುಂದೂ ಒಂದು ಗೀಟು. ಅವಳು ಹಿಂದೆಯೇ ಬಂದು ನಿಂತಳು.

“ಹ್ವಾಯ್,” ಎಂದಳು ಮೆಲ್ಲಗೆ. “ಆ ಹಿಟ್ಟ್ ನಾನೇ ಅಲ್ಲಿ ಇಟ್ಟದ್ದಾ? ಎಷ್ಟ್ ಯೋಚ್ನೆ ಮಾಡಿರೂ ನೆನಪಾತಿಲ್ಲೆ. ನಿಮ್ಗಾರೂ ಗೊತ್ತಿತ್ತಾ?”

ಅಲ್ಲಿ ನಾವಿಬ್ಬರೇ ಇದ್ದೆವು. ಸೊಸೆಯಿಲ್ಲ, ಮಗನಿಲ್ಲ, ಮರ್ಯಾದೆ ಹೋಗಲು ಯಾರೂ ಇಲ್ಲ. ಒಂದು ಮಾತು ಸಾಕಿತ್ತು. ಅವಳ ಕೈಯಲ್ಲಿ ಪೆನ್ಸಿಲ್ ಇತ್ತು.

“ಹೋಗ್ಲಿ ಬಿಡು,” ಎಂದೆ. “ವಯಸ್ಸಾದ ಮೇಲೆ ಎಲ್ಲರಿಗೂ ಆಗುವುದೇ.”

ಅವಳು ತಲೆಯಾಡಿಸಿ, ಕ್ಯಾಲೆಂಡರಿನಲ್ಲಿ ಒಂದು ಗೀಟು ಎಳೆದು ಹೋದಳು. ಆಮೇಲೆ ಅವಳು “ನಾ ಇಟ್ಟದ್ದಲ್ಲ” ಎಂದು ಒಮ್ಮೆಯೂ ಹೇಳಲಿಲ್ಲ. ಈಗ ಭಜನೆಗೆ ಒಬ್ಬಳೇ ಹೋಗುವುದಿಲ್ಲ. ಯಾರಾದರೂ ಅವಳ ವಯಸ್ಸು ಕೇಳಿದರೆ ಉತ್ತರ ಕೊಡುವ ಮೊದಲು ನನ್ನ ಮುಖ ನೋಡುತ್ತಾಳೆ, ಸರಿಯಾ ಎಂದು.

ಮನೆಗೆ ಬರುವ ಕನ್ನಡ ಪತ್ರಿಕೆಯನ್ನು ಅವಳು ಜಾಹೀರಾತೂ ಬಿಡದೆ ಓದುತ್ತಾಳೆ. ಬಾಯಿಂದ ಹೇಳುವ ಧೈರ್ಯವಿಲ್ಲದವನು ಅದಕ್ಕೇ ಅಚ್ಚಿನಲ್ಲಿ ಹೇಳುತ್ತಿದ್ದೇನೆ. ಓದಿದ ಮೇಲೆ ನೀನು ಇದನ್ನು ಕೇತಕಿಗೂ ಸಂದೀಪನಿಗೂ ಓದಿ ಹೇಳು, ನಾನು ಪಕ್ಕದಲ್ಲೇ ಕೂತಿರುತ್ತೇನೆ. ಹಿಟ್ಟನ್ನು ಅಲ್ಲಿಟ್ಟವನು ನಾನು, ಮಣಿ ಕಿತ್ತವನು ನಾನು, ಮರೆತವನೂ ನಾನು. ನಿನಗೆ ಮರೆವಿಲ್ಲ, ಒಂದು ದಿನವೂ ಇರಲಿಲ್ಲ. ಕ್ಯಾಲೆಂಡರಿನ ಮುಂದೆ ನಿಂತು ನೀನು ಕೇಳಿದಾಗ ಕೊಡಬೇಕಿದ್ದ ಉತ್ತರ ಇದು, ವಾರಿಜಾ.